ಡಬ್ಬಿಯೊಳಗಿನ ಸಿಂಹಗಳು

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನು ನನ್ನ ಓರಗೆಯವರು ಇಂದಿಗೂ, ವಿಕ್ಟೋರಿಯಾ ಟರ್ಮಿನಸ್ ಎಂಬ ಅದರ ಹಳೆಯ ಹೆಸರಿನಿಂದ, ವಿ.ಟಿ. ಎಂದೇ ಕರೆಯುವುದು. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ನಿಂತುಕೊಂಡೇ ಅಲ್ಲಿಗೆ ಬಂದಿಳಿದು, ಫೋರ್ಟಿನ ಬ್ಯಾಂಕೊಂದರ ವಿದೇಶಿ ವಿನಿಮಯದ ಕೌಂಟರಿನಲ್ಲಿ ದಿನವಿಡೀ ಕುಳಿತು, ಸಂಜೆ ಅದೇ ಜನಪ್ರವಾಹದಲ್ಲಿ ತೇಲಿಕೊಂಡು ಮರಳುವ ಕೆಲಸವನ್ನು ಮೂವತ್ತನಾಲ್ಕು ವರ್ಷ ಮಾಡಿದವನು ನಾನು. ಆದರೂ ನಿಲ್ದಾಣದ ಮುಂಭಾಗದ ಗೇಟಿನ ಇಕ್ಕೆಲದ ಕಂಬಗಳ ಮೇಲೆ ಕಲ್ಲಿನ ಎರಡು ಪ್ರಾಣಿಗಳು ಕುಳಿತಿವೆಯೆಂಬುದು ನನ್ನ ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಸೇರಿ ಐದಾರು ವರ್ಷಗಳಾದ ಮೇಲೆ. ವಿ.ಟಿ.ಯಲ್ಲಿ ಇಳಿದವನು ತಲೆಯೆತ್ತಿ ನೋಡುವುದು ಗಡಿಯಾರವನ್ನು ಮಾತ್ರ.

ಅದೊಂದು ಜುಲೈ ತಿಂಗಳ ಸಂಜೆ. ಹಳಿಗಳ ಮೇಲೆ ನೀರು ನಿಂತು ಲೋಕಲ್ಲುಗಳೆಲ್ಲ ಬಂದಾಗಿದ್ದವು. ನಾನೂ ನಮ್ಮ ಶಾಖೆಯ ಹೆಡ್ ಕ್ಯಾಶಿಯರರೂ ಒಂದೇ ಕೊಡೆಯ ಕೆಳಗೆ ಆ ಗೇಟಿನೆದುರು ಎರಡು ಗಂಟೆ ನಿಂತಿದ್ದೆವು. ಅವರು ಕುಂದಾಪುರದ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ನಾನು ಧಾರವಾಡದ ಕಡೆಯವನು. ಮಾತಿಗೆ ಬೇರೇನೂ ಉಳಿಯದಿದ್ದಾಗ ನಾನು ಕಂಬಗಳತ್ತ ಕೈತೋರಿಸಿ, “ಎರಡೂ ಸಿಂಹ ತೊಯ್ಸಿಕೋತ ಕುಂತಾವ ನೋಡ್ರಿ” ಎಂದೆ. ನೋಟಿನ ಕಂತೆಯಲ್ಲಿ ಒಂದು ಹರಕು ನೋಟನ್ನೂ ಬೆರಳಿನಿಂದಲೇ ಗುರುತಿಸಬಲ್ಲ ಆ ಮನುಷ್ಯ ಕನ್ನಡಕ ಒರೆಸಿಕೊಂಡು, “ಒಂದಕ್ಕೆ ಜಟೆ ಇತ್ತ್, ಇನ್ನೊಂದಕ್ಕೆ ಇಲ್ಲೆ. ಸಮಾ ಕಾಣಿ. ಅದ್ ಹುಲಿ” ಎಂದರು. ನಮ್ಮ ಪಕ್ಕದಲ್ಲಿ ನಿಂತಿದ್ದ ಉತ್ತರದ ಕಡೆಯವನೊಬ್ಬ ಎರಡನ್ನೂ ‘ಶೇರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಕನ್ನಡದಲ್ಲಿ ಹಾಗೆ ಮುಗಿಸಲು ಬರುವುದಿಲ್ಲ. ನಮಗೆ ಹುಲಿ ಬೇರೆ, ಸಿಂಹ ಬೇರೆ.

ಆ ಕಟ್ಟಡವನ್ನು ರೂಪಿಸಿದವರು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. 1878ರಲ್ಲಿ ಶುರುವಾದ ಕೆಲಸಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಸುವರ್ಣ ಮಹೋತ್ಸವದ ಸಂಭ್ರಮದ ನಡುವೆ, 1887ರಲ್ಲಿ, ಅದಕ್ಕೆ ಅವಳ ಹೆಸರನ್ನಿಟ್ಟರು. ಗೇಟಿನ ಕಂಬದ ಸಿಂಹವೆಂದರೆ ಬ್ರಿಟನ್ನು, ಹುಲಿಯೆಂದರೆ ಹಿಂದುಸ್ಥಾನ. ಎರಡೂ ಸಮಾನ ಎತ್ತರದಲ್ಲಿ, ಸಮಾನ ಗಾತ್ರದಲ್ಲಿ, ಒಂದೇ ಮನೆಯನ್ನು ಕಾಯುವ ಇಬ್ಬರು ದ್ವಾರಪಾಲಕರ ಹಾಗೆ ಕುಳಿತಿವೆ. ಅದನ್ನು ನೋಡಿದವರಿಗೆ ಇವೆರಡರ ನಡುವೆ ಎಂದೂ ಜಗಳವೇ ಇರಲಿಲ್ಲವೇನೋ ಎನ್ನಿಸಬೇಕೆಂಬುದೇ ಶಿಲ್ಪದ ಉದ್ದೇಶವಾಗಿದ್ದಿರಬೇಕು.

ಜಗಳವಿತ್ತು, ಮತ್ತು ಅದು ಮೊದಲಾದದ್ದು ನಮ್ಮ ನಾಡಿನಲ್ಲಿ. ಟಿಪ್ಪು ಸುಲ್ತಾನ ಹುಲಿಯನ್ನು ತನ್ನ ಗುರುತಾಗಿ ಆರಿಸಿಕೊಂಡಿದ್ದ. ಅವನ ಸಿಂಹಾಸನದಲ್ಲಿ ಹುಲಿ, ಸೈನಿಕರ ಅಂಗಿಯಲ್ಲಿ ಹುಲಿಯ ಪಟ್ಟೆ, ಫಿರಂಗಿಯ ಬಾಯಲ್ಲಿ ಹುಲಿಯ ಬಾಯಿ. ಬಿದ್ದ ಬಿಳಿಯನೊಬ್ಬನ ಕುತ್ತಿಗೆಗೆ ಬಾಯಿ ಹಾಕಿರುವ, ಹಿಡಿಕೆ ತಿರುಗಿಸಿದರೆ ಬಿಳಿಯನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುವಂಥ ಮರದ ಆಟಿಕೆಯನ್ನು ಅವನು ಮಾಡಿಸಿಕೊಂಡಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಲಂಡನ್ನಿಗೆ ಹೋಯಿತು, ಇಂದಿಗೂ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಗೆದ್ದವರು ತಮ್ಮ ಸೈನಿಕರಿಗಾಗಿ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಒಂದು ಪದಕವನ್ನು ಅಚ್ಚು ಹಾಕಿಸಿದರು. ಅದರ ಮೇಲೆ ಬ್ರಿಟಿಷ್ ಸಿಂಹವು ಹುಲಿಯನ್ನು ನೆಲಕ್ಕೆ ಕೆಡವಿ ಮೆಟ್ಟಿ ನಿಂತಿದೆ. ಮೇಲಿನ ಅಧಿಕಾರಿಗೆ ಚಿನ್ನದ್ದು, ಕೆಳಗಿಳಿದಂತೆ ಬೆಳ್ಳಿಯದು, ಕಂಚಿನದು, ಸಾಮಾನ್ಯ ಸಿಪಾಯಿಗೆ ತವರದ್ದು. ಮತ್ತೆ 1857ರಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಲಂಡನ್ನಿನ ಪಂಚ್ ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ಚಿತ್ರದಲ್ಲಿ ಅದೇ ಸಿಂಹ ಅದೇ ಹುಲಿಯ ಮೇಲೆ ಹಾರುತ್ತಿತ್ತು. ಆ ಚಿತ್ರದ ಮೂವತ್ತು ವರ್ಷಗಳ ಅನಂತರ ಹುಲಿ ವಿ.ಟಿ.ಯ ಕಂಬವೇರಿ, ಬಾಲ ಮಡಚಿಕೊಂಡು, ರೈಲು ಕಂಪೆನಿಯ ಕಾವಲಿಗೆ ಕುಳಿತಿತು. ಆಯ್ಕೆ ಮಾಡಿಕೊಂಡವನ ಕೈಯಿಂದ ಜಾರಿ ಗೆದ್ದವರ ಕೈಗೆ ಹೋದ ಲಾಂಛನಗಳು ಚರಿತ್ರೆಯಲ್ಲಿ ಬೇರೆಯೂ ಇರಬಹುದು. ಇಷ್ಟು ಸೌಮ್ಯವಾಗಿ ಪಳಗಿಸಿ ಕೂರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಮಳೆಯ ಸಂಜೆಯಿಂದ ನನಗೆ ಇದರ ಗೀಳು ಹಿಡಿಯಿತು. ಅದನ್ನು ಬೆಳೆಸಿದ್ದು ನಮ್ಮ ಕೌಂಟರಿನ ಡಬ್ಬಿ.

ವಿದೇಶಿ ವಿನಿಮಯದ ಕೌಂಟರಿನಲ್ಲಿ ನೋಟುಗಳನ್ನು ಕೊಳ್ಳುತ್ತಾರೆಯೇ ಹೊರತು ನಾಣ್ಯಗಳನ್ನಲ್ಲ. ನಾಣ್ಯ ಭಾರ, ಅದನ್ನು ಮರಳಿ ಆ ದೇಶಕ್ಕೆ ಕಳುಹಿಸುವ ಖರ್ಚೇ ಅದರ ಬೆಲೆಗಿಂತ ಹೆಚ್ಚು. ಇದು ಗೊತ್ತಿಲ್ಲದ ಗಿರಾಕಿಗಳು ಜೇಬಿನಿಂದ ಹಿಡಿ ಚಿಲ್ಲರೆ ತೆಗೆದು ಕೌಂಟರಿನ ಮೇಲೆ ಸುರಿಯುತ್ತಿದ್ದರು. ಆಗುವುದಿಲ್ಲ ಎಂದಾಗ ಅರ್ಧ ಜನ ಅದನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದರು. ಎದುರು ಓಣಿಯ ಉಡುಪಿ ಹೋಟೆಲಿನ ಮಾಣಿಗಳೂ ಬರುತ್ತಿದ್ದರು. ಬಂದರಿನಲ್ಲಿ ಇಳಿದ ಹಡಗಿನವರು ದೋಸೆ ತಿಂದು ತಟ್ಟೆಯ ಕೆಳಗೆ ಯಾವುದೋ ದೇಶದ ಬಿಲ್ಲೆಯಿಟ್ಟು ಹೋದರೆ, ಅದರಲ್ಲಿ ಎಷ್ಟು ರೂಪಾಯಿಯಿದೆಯೋ ಎಂಬ ಆಸೆ ಅವರಿಗೆ. ಒಮ್ಮೆ ಒಬ್ಬ ಮಾಣಿ ತಂದ ನಾಣ್ಯದ ಮೇಲೆ ನಿಜವಾಗಿಯೂ ‘ರುಪೀ’ ಎಂದಿತ್ತು. “ಹ್ವಾಯ್, ಇದ್ರಂಗೆ ರುಪೀ ಅಂದೇಳಿ ಬರ್ದಿತ್ತ್, ನಡೀತಿಲ್ಯಾ?” ಎಂದು ಅವನು ನಮ್ಮ ಹೆಡ್ ಕ್ಯಾಶಿಯರರನ್ನು ಕೇಳಿದ. ಅದು ಮಾರಿಷಸ್ಸಿನ ರೂಪಾಯಿ. ನಡೆಯಲಿಲ್ಲ. ಹೆಡ್ ಕ್ಯಾಶಿಯರರು ತಮ್ಮ ಜೇಬಿನಿಂದ ಅವನಿಗೆ ಒಂದು ನಮ್ಮ ರೂಪಾಯಿ ಕೊಟ್ಟು, ಮಾರಿಷಸ್ಸಿನದ್ದನ್ನು ಹಾಲಿನ ಪುಡಿಯ ಹಳೆಯ ಡಬ್ಬಿಗೆ ಹಾಕಿದರು. ವರ್ಷಗಳಲ್ಲಿ ಆ ಡಬ್ಬಿ ತುಂಬಿತು. ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಯಾವುದು ಯಾವ ಪ್ರಾಣಿ ಎಂದು ಬೇರ್ಪಡಿಸುವುದು ನಮ್ಮಿಬ್ಬರ ಆಟವಾಯಿತು.

ಸಿಂಹಗಳ ರಾಶಿಯೇ ಯಾವಾಗಲೂ ಎತ್ತರ. ಮತ್ತು ಆ ರಾಶಿಯಲ್ಲಿ, ಸಿಂಹ ಓಡಾಡುವ ಕಾಡು ಇರುವ ದೇಶಗಳ ನಾಣ್ಯ ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ದೊರೆಗಳ ಗುರಾಣಿಯ ಮೇಲೆ 12ನೇ ಶತಮಾನದ ಕೊನೆಯಿಂದ ಮೂರು ಸಿಂಹಗಳಿವೆ. ಅಲ್ಲಿನ ಕಾಡಿನಲ್ಲಿ ಆ ಹೊತ್ತಿಗೆ ಒಂದೂ ಇರಲಿಲ್ಲ. ಲಾಂಛನಶಾಸ್ತ್ರದ ಹಳೆಯ ಪರಿಭಾಷೆಯಲ್ಲಂತೂ ಹಾಗೆ ನಡೆಯುತ್ತ ಮುಖವನ್ನು ನಮ್ಮತ್ತ ತಿರುಗಿಸಿದ ಸಿಂಹಕ್ಕೆ ಚಿರತೆಯೆಂದೇ ಹೆಸರು. ಫಿನ್‌ಲೆಂಡಿನ ಹಿಮದಲ್ಲಿ ಸಿಂಹ, ನೆದರ್‌ಲೆಂಡಿನ ಜೌಗಿನಲ್ಲಿ ಸಿಂಹ. ಸಿಂಗಪುರವೆಂಬ ಹೆಸರನ್ನು ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಆ ದ್ವೀಪದಲ್ಲಿ ಸಿಂಹ ಎಂದೂ ಇದ್ದದ್ದಿಲ್ಲ, ಇದ್ದದ್ದು ಹುಲಿ. ಶ್ರೀಲಂಕೆಯ ಬಾವುಟದ ಸಿಂಹ ಕತ್ತಿಯನ್ನು ಬೇರೆ ಹಿಡಿದಿದೆ. ಇರಾನು 1979ರ ಕ್ರಾಂತಿಯಾದ ಮೇಲೆ ತನ್ನ ಬಾವುಟದಿಂದ ಸಿಂಹವನ್ನೂ ಅದರ ಬೆನ್ನ ಹಿಂದಿನ ಸೂರ್ಯನನ್ನೂ ಇಳಿಸಿತು. ದೂರದಲ್ಲಿರುವ ಪ್ರಾಣಿ ಹಗುರ. ಅದನ್ನು ಏರಿಸುವುದೂ ಸುಲಭ, ಇಳಿಸುವುದೂ ಸುಲಭ.

ಬಲ್ಗೇರಿಯದಲ್ಲಿ 2025ರ ಕೊನೆಯವರೆಗೆ ನಡೆದ ‘ಲೆವ್’, ರುಮೇನಿಯದ ‘ಲೆಯು’ ಎಂಬ ಹಣದ ಹೆಸರುಗಳ ಅರ್ಥ ಸಿಂಹವೆಂದೇ. ಒಂದು ಕಾಲದಲ್ಲಿ ಅತ್ತ ಕಡೆಯೆಲ್ಲ ಓಡಾಡುತ್ತಿದ್ದ ಡಚ್ ಬೆಳ್ಳಿ ನಾಣ್ಯದ ಮೇಲೆ ಸಿಂಹದ ಅಚ್ಚಿತ್ತು, ಜನ ನಾಣ್ಯವನ್ನೇ ಸಿಂಹವೆಂದರು. ಇದನ್ನು ಓದಿ ಹೆಡ್ ಕ್ಯಾಶಿಯರರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ನಮ್ಮ ಹಿರಿಯರು ‘ನೂರು ವರಾಹ ಕೊಟ್ಟೆ’ ಎನ್ನುತ್ತಿರಲಿಲ್ಲವೇ ಎಂದರು. ಚಾಲುಕ್ಯರ ಲಾಂಛನದ ಹಂದಿ, ವಿಜಯನಗರದ ಮುದ್ರೆಯಲ್ಲಿ ಮತ್ತೆ ಕಾಣಿಸಿಕೊಂಡ ಹಂದಿ, ಕನ್ನಡ ನಾಡಿನಲ್ಲಿ ಚಿನ್ನದ ನಾಣ್ಯಕ್ಕೇ ಹೆಸರಾಗಿ ನಿಂತಿತು. ಕ್ರೊವೇಷಿಯದವರ ಕಥೆ ಇನ್ನೂ ನೇರ: ಅವರು 1994ರಿಂದ 2022ರ ಕೊನೆಯವರೆಗೆ ಬಳಸಿದ ‘ಕುನಾ’ ಎಂದರೆ ಮುಂಗುಸಿಯನ್ನು ಹೋಲುವ ಒಂದು ಸಣ್ಣ ಕಾಡುಪ್ರಾಣಿ. ಹಿಂದೆ ಅದರ ತುಪ್ಪಳವನ್ನೇ ತೆರಿಗೆಯಾಗಿ ಕಟ್ಟುತ್ತಿದ್ದರು. ಲಾಂಛನವಾಗುವುದಕ್ಕೆ ಮೊದಲು ಅದು ನಿಜವಾಗಿಯೂ ಹಣವಾಗಿತ್ತು, ತೊಗಲಿನ ರೂಪದಲ್ಲಿ. ಕೆನಡಾದ ಐದು ಸೆಂಟಿನ ಮೇಲಿನ ಬೀವರ್ ಎಂಬ ತುಪ್ಪಳದ ಪ್ರಾಣಿಯದ್ದೂ ಹೆಚ್ಚು ಕಡಿಮೆ ಅದೇ ಹಣೆಬರಹ. ಯುರೋಪಿನ ಗಂಡಸರ ಟೋಪಿಗಾಗಿ ಅದನ್ನು ಕೊಂದು ಕೊಂದು ದೇಶ ಕಟ್ಟಿ, ಅದು ವಿರಳವಾದ ಮೇಲೆ ಬೇಟೆಗೆ ಲಗಾಮು ಹಾಕಿ, 1975ರಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರದ ಕುರುಹೆಂದು ಘೋಷಿಸಿದರು.

ಫ್ರಾನ್ಸಿನ ಹುಂಜ ಹುಟ್ಟಿದ್ದು ಶ್ಲೇಷೆಯಿಂದ. ಲ್ಯಾಟಿನ್ನಿನಲ್ಲಿ ‘ಗಾಲಸ್’ ಎಂದರೆ ಹುಂಜವೂ ಹೌದು, ಗಾಲ್ ನಾಡಿನವನೂ ಹೌದು. ಯಾರೋ ಗೇಲಿ ಮಾಡಲು ಬಳಸಿದ ಮಾತನ್ನು ಅವರು ಎದೆಗೆ ಅಂಟಿಸಿಕೊಂಡರು.

ಹದ್ದು ಗಿಡುಗಗಳ ವಿಚಾರದಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಬೆಂಜಮಿನ್ ಫ್ರಾಂಕ್ಲಿನ್ನರ ಗೊಣಗಾಟ. ಅಮೆರಿಕೆಯ ಮುದ್ರೆಯ ಮೇಲೆ ಬೋಳುಹದ್ದು ಬಂದದ್ದು 1782ರಲ್ಲಿ. ಎರಡು ವರ್ಷಗಳ ಬಳಿಕ ಫ್ರಾಂಕ್ಲಿನ್ ತಮ್ಮ ಮಗಳಿಗೆ ಬರೆದ ಪತ್ರದಲ್ಲಿ, ಆ ಹಕ್ಕಿಯ ನಡತೆ ಸರಿಯಿಲ್ಲ, ಅದು ಸತ್ತ ಮರದ ಮೇಲೆ ಕುಳಿತು ಮೀನುಗಿಡುಗ ಕಷ್ಟಪಟ್ಟು ಹಿಡಿದ ಮೀನನ್ನು ಕಸಿದುಕೊಳ್ಳುತ್ತದೆ, ಇದಕ್ಕಿಂತ ಟರ್ಕಿ ಕೋಳಿಯೇ ಎಷ್ಟೋ ಮರ್ಯಾದಸ್ಥ ಎಂದು ಬರೆದರು. ಮುಂಬಯಿಯ ಮೀನಿನ ಬಂದರಾದ ಸಸೂನ್ ಡಾಕಿನಲ್ಲಿ ಬೆಳಗಿನ ಆರು ಗಂಟೆಗೆ ಒಮ್ಮೆ ನಿಂತವರಿಗೆ ಫ್ರಾಂಕ್ಲಿನ್ನರ ಸಿಟ್ಟು ಅರ್ಥವಾಗುತ್ತದೆ. ನಾವು ಕೈಮುಗಿಯುವ ಕೆಂಪು ಬೆನ್ನಿನ ಗರುಡವೇ ಅಲ್ಲಿ ಕೋಳಿ ಹೆಂಗಸರ ಬುಟ್ಟಿಯ ಮೇಲೆರಗಿ ಬಂಗಡೆ ಎತ್ತಿಕೊಂಡು ಹೋಗುತ್ತದೆ, ಅವರು ಕೊಡುವ ಬೈಗಳಿನಲ್ಲಿ ವಿಷ್ಣುವಿನ ವಾಹನವೆಂಬ ದಾಕ್ಷಿಣ್ಯವೇನೂ ಇರುವುದಿಲ್ಲ. (ಕೋಳಿ ಎಂದರೆ ಇಲ್ಲಿ ಮುಂಬಯಿಯ ಬೆಸ್ತರ ಜಾತಿ, ಹೊಸದಾಗಿ ಊರಿಂದ ಬಂದ ಕನ್ನಡಿಗರು ಈ ಹೆಸರು ಕೇಳಿ ನಗುವುದುಂಟು.) ಅದೇ ಗರುಡನನ್ನು ಇಂಡೊನೇಷ್ಯ ತನ್ನ ಲಾಂಛನವಾಗಿ ಮಾಡಿಕೊಂಡಿದೆ, ಅದೂ ಲೆಕ್ಕವಿಟ್ಟು: ರೆಕ್ಕೆಗೆ 17 ಗರಿ, ಬಾಲಕ್ಕೆ 8, ಕುತ್ತಿಗೆಗೆ 45. ಅವರು ಸ್ವಾತಂತ್ರ್ಯ ಘೋಷಿಸಿದ ದಿನ 1945ರ ಆಗಸ್ಟ್ 17. ಜರ್ಮನಿಯ ಸಂಸತ್ತಿನ ಗೋಡೆಯ ಮೇಲಿನ ಹದ್ದು ಮಾತ್ರ ಎಷ್ಟು ದುಂಡಗಿದೆಯೆಂದರೆ ಜನ ಅದಕ್ಕೆ ‘ದಪ್ಪ ಹೇಂಟೆ’ ಎಂದು ಹೆಸರಿಟ್ಟಿದ್ದಾರೆ. ಎರಡು ಯುದ್ಧಗಳನ್ನು ಕಂಡ ಹದ್ದಿಗೆ ಅಷ್ಟು ಬೊಜ್ಜು ಬಂದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ.

ಬೋಳುಹದ್ದಿನ ಮುಂದಿನ ಕಥೆ ನಗುವಂಥದ್ದಲ್ಲ. ಡಿ.ಡಿ.ಟಿ. ಎಂಬ ಕೀಟನಾಶಕ ನದಿಗಳಿಗೆ ಸೇರಿ, ಮೀನಿನ ಮೂಲಕ ಹಕ್ಕಿಯ ಮೈಗೆ ಸೇರಿ, ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಒಡೆಯತೊಡಗಿತು. 1963ರಲ್ಲಿ ಅಲಾಸ್ಕ ಬಿಟ್ಟು ಉಳಿದ ಅಮೆರಿಕೆಯ ಮುಖ್ಯಭೂಮಿಯಲ್ಲಿ ಗೂಡು ಕಟ್ಟಿದ ಜೋಡಿಗಳು 417 ಮಾತ್ರ ಲೆಕ್ಕಕ್ಕೆ ಸಿಕ್ಕವು. ಡಾಲರಿನ ನೋಟಿನ ಮೇಲೆ ಆಗಲೂ ಅದು ರೆಕ್ಕೆ ಚಾಚಿಕೊಂಡೇ ಇತ್ತು. 1972ರಲ್ಲಿ ಡಿ.ಡಿ.ಟಿ.ಗೆ ನಿಷೇಧ ಬಂದು, ಹಕ್ಕಿ ಚೇತರಿಸಿಕೊಂಡು, 2007ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ವಿಚಿತ್ರವೆಂದರೆ ಕಾನೂನಿನ ಪ್ರಕಾರ ಅದು ಅಮೆರಿಕೆಯ ರಾಷ್ಟ್ರಪಕ್ಷಿಯಾದದ್ದು 2024ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ, 242 ವರ್ಷ, ಅದು ಅನಧಿಕೃತವಾಗಿಯೇ ಕೆಲಸ ಮಾಡುತ್ತಿತ್ತು. ನಮ್ಮ ಬ್ಯಾಂಕಿನ ಹಂಗಾಮಿ ಜವಾನರಿಗೂ ಇಷ್ಟು ಕಾಯಿಸಿದ್ದಿಲ್ಲ.

ಡಬ್ಬಿಯಲ್ಲಿ ನನ್ನನ್ನು ಬಹಳ ಕಾಡಿದ್ದು ಆ ಮಾಣಿಯ ಮಾರಿಷಸ್ ರೂಪಾಯಿಯೇ. ಅದರ ಮೇಲಿರುವುದು 1906ರಲ್ಲಿ ಬಂದ ಆ ದ್ವೀಪದ ಲಾಂಛನ. ಗುರಾಣಿಯ ಒಂದು ಪಕ್ಕದಲ್ಲಿ ಡೋಡೊ ಹಕ್ಕಿ, ಇನ್ನೊಂದು ಪಕ್ಕದಲ್ಲಿ ಕವಲುಕೊಂಬಿನ ಜಿಂಕೆ. ಡೋಡೊ ಲೋಕದಲ್ಲಿ ಬೇರೆಲ್ಲಿಯೂ ಇರಲಿಲ್ಲ, ಹಾರಲು ಬಾರದ ಹಕ್ಕಿ; ಡಚ್ಚರೂ ಅವರ ಹಡಗಿನ ಹಂದಿ ಇಲಿಗಳೂ ಕಾಲಿಟ್ಟು ನೂರು ವರ್ಷ ತುಂಬುವುದರೊಳಗೆ ಅದು ಮುಗಿದುಹೋಯಿತು. ಜಿಂಕೆಯಾದರೋ 1639ರಲ್ಲಿ ಅದೇ ಡಚ್ಚರು ಜಾವಾದಿಂದ ತಂದು ಬಿಟ್ಟದ್ದು. ಹೋದವನೂ, ಅವನನ್ನು ಕಳಿಸಿದವರ ಜೊತೆ ಬಂದವನೂ ಒಂದೇ ಗುರಾಣಿಯನ್ನು ಎರಡು ಕಡೆಯಿಂದ ಹಿಡಿದುಕೊಂಡು ಶತಮಾನದಿಂದ ನಿಂತಿದ್ದಾರೆ.

ಟಾಸ್ಮೇನಿಯದ್ದು ಇದಕ್ಕಿಂತ ಒಂದು ಕೈ ಮೇಲೆ. ಅದು ದೇಶವಲ್ಲ, ಆಸ್ಟ್ರೇಲಿಯದ ರಾಜ್ಯ. ಆದರೂ ಹೇಳದೆ ಬಿಡಲಾರೆ. ಅಲ್ಲಿನ ಬೆನ್ನಪಟ್ಟೆಯ ಪ್ರಾಣಿ, ಜನ ಟಾಸ್ಮೇನಿಯದ ಹುಲಿ ಎಂದು ಕರೆದ ಥೈಲಸೀನ್, ಕುರಿಗಳನ್ನು ತಿನ್ನುತ್ತದೆಯೆಂಬ ಆರೋಪದ ಮೇಲೆ ಸರಕಾರವೇ 1888ರಿಂದ 1909ರವರೆಗೆ ತಲೆಗೊಂದು ಪೌಂಡಿನಂತೆ ಇನಾಮು ಕೊಟ್ಟು ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಿಸಿತು. 1917ರಲ್ಲಿ ಅದೇ ಸರಕಾರದ ಲಾಂಛನದ ಎರಡೂ ಬದಿಗೆ ಅದೇ ಪ್ರಾಣಿ ಬಂದು ನಿಂತಿತು. ಅದನ್ನು ಕೊಲ್ಲಬಾರದೆಂಬ ಕಾನೂನು ಬಂದದ್ದು 1936ರ ಜುಲೈಯಲ್ಲಿ. ಹೋಬಾರ್ಟಿನ ಮೃಗಾಲಯದಲ್ಲಿ ಕೊನೆಯದು ಸತ್ತದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು. ಇನ್ನು ಇಡೀ ಆಸ್ಟ್ರೇಲಿಯದ ಲಾಂಛನ ಹಿಡಿದವರು ಕಾಂಗರೂ ಮತ್ತು ಎಮು. 1912ರಲ್ಲಿ ಈಗಿನ ರೂಪದ ಲಾಂಛನ ಬಂತು, 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಗೋಧಿ ಹೊಲಗಳಿಗೆ ಎಮುಗಳು ನುಗ್ಗಿದಾಗ ಸರಕಾರ ಮೆಷಿನ್ ಗನ್ನುಗಳೊಂದಿಗೆ ಸೈನಿಕರನ್ನು ಕಳುಹಿಸಿತು. ಸಾವಿರಾರು ಗುಂಡು ಖರ್ಚಾದವು, ಎಮುಗಳು ಚದುರಿ ಓಡಿದವು, ಸೈನ್ಯ ಮರಳಿತು. ಲಾಂಛನವನ್ನು ಗೌರವಿಸುವ ಕಾನೂನು ಹಲವು ದೇಶಗಳಲ್ಲಿ ಇರುತ್ತದೆ. ಅದು ಕಾಗದದ ಮೇಲಿನ ಪ್ರಾಣಿಗೆ ಮಾತ್ರ ಅನ್ವಯಿಸುವಂತಿದೆ.

ನಮ್ಮದನ್ನು ನೋಡಿಕೊಳ್ಳದೆ ಬೇರೆಯವರನ್ನು ಆಡಿಕೊಳ್ಳುವುದು ಸರಿಯಲ್ಲ. ಸಾರನಾಥದ ಅಶೋಕಸ್ತಂಭದ ಸಿಂಹಗಳು 1950ರ ಜನವರಿ 26ರಂದು ಭಾರತದ ಲಾಂಛನವಾದವು. ಅವು ನಾಲ್ಕು, ಕಾಣುವುದು ಮೂರು. ಸಂವಿಧಾನದ ಮೂಲ ಪ್ರತಿಗೆ ನಂದಲಾಲ್ ಬೋಸರ ತಂಡ ಚಿತ್ರ ಬರೆಯುವಾಗ, ಸಿಂಹಗಳ ಕೆಲಸ ವಹಿಸಿಕೊಂಡ ಯುವಕ ದೀನಾನಾಥ್ ಭಾರ್ಗವ ಕೋಲ್ಕತ್ತದ ಮೃಗಾಲಯಕ್ಕೆ ಹೋಗಿ ನಿಜವಾದ ಸಿಂಹಗಳ ಮುಖವನ್ನು ಗಮನಿಸಿ ಬರೆದರಂತೆ. ಲಾಂಛನ ಮಾಡುವವರು ಆ ಪ್ರಾಣಿಯ ಮುಖ ನೋಡಲು ಹೋದ ಪ್ರಸಂಗ ಇನ್ನೆಲ್ಲಾದರೂ ನಡೆದಿದ್ದರೆ ಅದು ನನ್ನ ಕಿವಿಗೆ ಬಿದ್ದಿಲ್ಲ. ರಾಷ್ಟ್ರಪ್ರಾಣಿಯೂ ಮೊದಲು ಸಿಂಹವೇ ಆಗಿತ್ತು. 1972ರ ಗಣತಿಯಲ್ಲಿ ಹುಲಿಗಳು 1,827 ಮಾತ್ರ ಉಳಿದಿವೆಯೆಂದು ಗೊತ್ತಾದ ಹೊತ್ತಿನಲ್ಲಿ ಆ ಪಟ್ಟ ಹುಲಿಗೆ ಹೋಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು, ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಮಹಾರಾಷ್ಟ್ರದ ಮೇಳಘಾಟವೂ ಇದ್ದವು. ಇಲ್ಲಿ ಪಟ್ಟವು ಪ್ರಾಣಿಗೆ ನೆರವಾಯಿತು ಎನ್ನಬೇಕು. 2022ರ ಗಣತಿಯ ಸರಾಸರಿ ಅಂದಾಜು 3,682. ಗೀರ್ ಮತ್ತು ಅದರ ಸುತ್ತಲಿನ ಸಿಂಹಗಳು 2025ರಲ್ಲಿ 891. ಸಿಂಹವೂ ಹುಲಿಯೂ ಎರಡೂ ಕಾಡಿನಲ್ಲಿ ಬದುಕಿರುವ ದೇಶ ಇಂದು ಇದೊಂದೇ. ವಿ.ಟಿ.ಯ ಗೇಟನ್ನು ಈ ಲೆಕ್ಕ ಗೊತ್ತಿದ್ದು ನೋಡಿದರೆ, ಬ್ರಿಟನ್ನಿನದೆಂದು ಕೆತ್ತಿದ ಸಿಂಹಕ್ಕೂ ನಮ್ಮ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಬಹುದು.

ಹಾಗೆಂದು ಕನ್ನಡಿಗರ ಸ್ವಂತ ಲಾಂಛನಕ್ಕೆ ಯಾವ ಗಣತಿಯೂ ಬೇಡ. ಒಮ್ಮೆ ಕರ್ನಾಟಕ ಸರಕಾರದಿಂದ ನನಗೊಂದು ಲಕೋಟೆ ಬಂದಿತ್ತು, ಊರಿನ ಜಮೀನಿನ ತಕರಾರಿಗೆ ಸಂಬಂಧಿಸಿದ್ದು. ಅದರ ಮೇಲಿನ ಎರಡು ತಲೆಯ ಹಕ್ಕಿಯನ್ನು ನೋಡಿ ನಮ್ಮ ಮರಾಠಿ ಅಧಿಕಾರಿ ಡಬ್ಬಿಯಿಂದ ರಷ್ಯದ ರೂಬಲ್ಲೊಂದನ್ನು ಹುಡುಕಿ ತೆಗೆದು ಪಕ್ಕದಲ್ಲಿಟ್ಟು, ನಿಮಗೂ ಅವರಿಗೂ ಏನು ನೆಂಟಸ್ತನ ಎಂದು ಕೇಳಿದರು. ರಷ್ಯದ ಎರಡು ತಲೆಯ ಹದ್ದು ಮೂರನೆಯ ಇವಾನನ 1497ರ ಮುದ್ರೆಯಲ್ಲಿ ಕಾಣಿಸಿಕೊಂಡದ್ದು. ಬೈಜಾಂಟಿಯಮ್ಮಿನ ಅರಸು ಮನೆತನದ ಹೆಣ್ಣನ್ನು ಅವನು ಮದುವೆಯಾಗಿದ್ದ. ಸೋವಿಯತ್ ಕಾಲದಲ್ಲಿ ಅಳಿಸಿದ ಅದನ್ನು 1993ರಲ್ಲಿ ಮತ್ತೆ ತಂದರು. (ರಷ್ಯವೆಂದರೆ ಕರಡಿ ಎಂಬುದು ಹೊರಗಿನ ವ್ಯಂಗ್ಯಚಿತ್ರಕಾರರು ಕಟ್ಟಿದ್ದು, ಅವರು ಅದನ್ನು ಮೆಚ್ಚಿಕೊಂಡು 1980ರ ಮಾಸ್ಕೋ ಒಲಿಂಪಿಕ್ಸಿಗೆ ಮರಿಕರಡಿಯನ್ನು ಕೂರಿಸಿದರು.) ನಮ್ಮ ಗಂಡಭೇರುಂಡ ಬಳ್ಳಿಗಾವೆಯ ಸ್ತಂಭದ ತುದಿಯಲ್ಲಿ, ಮನುಷ್ಯನ ಮೈಯೂ ಹಕ್ಕಿಯ ಎರಡು ತಲೆಯೂ ಉಳ್ಳದ್ದಾಗಿ, 1047ರಲ್ಲಿಯೇ ನಿಂತಿತ್ತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಅದು ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಆನೆಗಳನ್ನು ಇಲಿಮರಿಗಳಂತೆ ಎತ್ತಿಕೊಂಡು ಹೋಗುತ್ತದೆ. ಮೈಸೂರು ಒಡೆಯರಿಂದ ಅದು ಕರ್ನಾಟಕ ಸರಕಾರಕ್ಕೆ ಬಂತು. ಅದರ ಎರಡು ಪಕ್ಕದಲ್ಲಿ ನಿಂತಿರುವುದು ಶರಭ, ಆನೆಯ ತಲೆ, ಸಿಂಹದ ಮೈ. ವೈಷ್ಣವರ ಕಥೆಯ ಪ್ರಕಾರ ನರಸಿಂಹನನ್ನು ಅಡಗಿಸಲು ಶಿವ ಶರಭನಾದ, ಶರಭನನ್ನು ಅಡಗಿಸಲು ವಿಷ್ಣು ಗಂಡಭೇರುಂಡನಾದ; ಶೈವರು ಇದನ್ನು ಒಪ್ಪುವುದಿಲ್ಲ. ಆ ವ್ಯಾಜ್ಯ ತೀರದೆಯೇ ಇಬ್ಬರೂ ಒಂದೇ ಲಕೋಟೆಯ ಮೇಲೆ ಬಂದಿದ್ದಾರೆ, ನನ್ನ ಜಮೀನಿನ ವ್ಯಾಜ್ಯದ ಕಾಗದವನ್ನು ಹೊತ್ತುಕೊಂಡು.

ಇಲ್ಲದ ಪ್ರಾಣಿಯನ್ನು ಆರಿಸಿಕೊಳ್ಳುವುದರಲ್ಲಿ ಒಂದು ಜಾಣತನವಿದೆ ಎಂದು ಈಚೆಗೆ ನನಗೆ ಅನ್ನಿಸುತ್ತಿದೆ. ಸ್ಕಾಟ್‌ಲೆಂಡಿನ ಒಂಟಿಕೊಂಬಿನ ಕುದುರೆಗೆ, ವೇಲ್ಸಿನ ಕೆಂಪು ಡ್ರ್ಯಾಗನ್ನಿಗೆ, ಭೂತಾನದ ಗುಡುಗಿನ ಡ್ರ್ಯಾಗನ್ನಿಗೆ ಯಾರೂ ಇನಾಮು ಕಟ್ಟಿ ಬಂದೂಕು ಹಿಡಿಯಲಾರರು. ಅವುಗಳ ಕಾಡು ಕಡಿಯಲು ಬರುವುದಿಲ್ಲ.

ಇಷ್ಟೆಲ್ಲ ಹದ್ದು, ಸಿಂಹ, ಡ್ರ್ಯಾಗನ್ನುಗಳ ನಡುವೆ ಹೆಡ್ ಕ್ಯಾಶಿಯರರು ಪ್ರತ್ಯೇಕವಾಗಿ ಎತ್ತಿಟ್ಟದ್ದು ಒಂದು ಸವೆದ ಕಂಚಿನ ಬಿಲ್ಲೆಯನ್ನು. ದೊಡ್ಡ ಗಾತ್ರದ್ದು, ಒಂದು ಕಡೆ ತಂತಿವಾದ್ಯ, ಇನ್ನೊಂದು ಕಡೆ ಹೇಂಟೆ, ಅದರ ಕಾಲ ಬಳಿ ಮರಿಗಳು. ಅದು ಐರ್ಲೆಂಡಿನ ಹಳೆಯ ಪೆನ್ನಿ. ಶತಮಾನಗಳ ಪರರಾಜ್ಯ ಕಳಚಿಕೊಂಡು ಹೊರಬಂದ ಆ ದೇಶಕ್ಕೆ ತನ್ನದೇ ನಾಣ್ಯ ಬೇಕಾದಾಗ, ಕವಿ ಡಬ್ಲ್ಯು. ಬಿ. ಯೇಟ್ಸರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತು ಪ್ರಾಣಿಗಳನ್ನು ಆರಿಸಿತು. ಕೈಯಲ್ಲಿ ಸಿಂಹವಿದ್ದ ಯಜಮಾನನನ್ನು ಆಗತಾನೆ ಬೀಳ್ಕೊಟ್ಟವರು ತಾವೂ ಒಂದು ಸಿಂಹವನ್ನೋ ಹದ್ದನ್ನೋ ತರಬಹುದಿತ್ತು. ಅವರು ತಂದದ್ದು ಕೊಟ್ಟಿಗೆಯನ್ನು. 1928ರಲ್ಲಿ ಬಂದ ಆ ನಾಣ್ಯಗಳ ಮೇಲೆ ಕುದುರೆ, ಸಾಲ್ಮನ್ ಮೀನು, ಹೋರಿ, ಬೇಟೆನಾಯಿ, ಮೊಲ, ಮರಿಗಳೊಡನೆ ಹೇಂಟೆ, ಮರಿಗಳೊಡನೆ ಹೆಣ್ಣುಹಂದಿ, ಒಂದು ಸಣ್ಣ ಕಾಡುಹಕ್ಕಿ. ಚಿತ್ರಿಸಿದವರು ಪರ್ಸಿ ಮೆಟ್ಕಾಫ್, ಇಂಗ್ಲಿಷಿನವರೇ. ದೇವರ ಹೆಸರಿಲ್ಲದೆ ಬರೀ ದನ ಹಂದಿಗಳೇ ಎಂದು ಕೆಲವರು ರೇಗಿದರು. ಆದರೆ ನನಗೆ ಇಷ್ಟವಾದದ್ದು ಇನ್ನೊಂದು ಸಂಗತಿ: ಹೋರಿ ಮತ್ತು ಹಂದಿಯ ಮೊದಲ ಚಿತ್ರಗಳನ್ನು ನೋಡಿದ ಕೃಷಿ ಇಲಾಖೆಯ ತಜ್ಞರು, ಸಂತೆಯಲ್ಲಿ ಬೆಲೆ ಬಾಳುವ ಒಳ್ಳೆಯ ತಳಿ ಹೀಗಿರುವುದಿಲ್ಲ ಎಂದು ತಕರಾರು ತೆಗೆದು ಮೈಕಟ್ಟನ್ನು ತಿದ್ದಿಸಿದರು. ಮೊದಲಿನ ಚಿತ್ರವೇ ಚೆನ್ನಾಗಿತ್ತೆಂದು ಯೇಟ್ಸರಿಗೆ ಬೇಸರವಾಯಿತಂತೆ. ಇರಬಹುದು. ಆದರೂ ಲಾಂಛನದ ಪ್ರಾಣಿಯನ್ನು ದಿನಾ ಕಂಡು, ಅದರ ಪಕ್ಕೆಲುಬು ತೊಡೆಗಳ ಬಗ್ಗೆ ಅಭಿಪ್ರಾಯ ಹೇಳಬಲ್ಲವರು ಇದ್ದ ದೇಶ ಅದೊಂದೇ ಇರಬೇಕು. ಆ ಹೇಂಟೆಯ ಪೆನ್ನಿ 1971ರಲ್ಲಿಯೇ ಚಲಾವಣೆ ಕಳೆದುಕೊಂಡಿತ್ತು. ಹೆಡ್ ಕ್ಯಾಶಿಯರರು ನಿವೃತ್ತರಾಗುವ ದಿನ ಡಬ್ಬಿಯನ್ನು ನನಗೆ ಬಿಟ್ಟು, ಅದೊಂದನ್ನು ಮಾತ್ರ ಕಿಸೆಗೆ ಹಾಕಿಕೊಂಡು ಊರಿಗೆ ಹೋದರು.

ಈಗ ನಾನೂ ನಿವೃತ್ತ. ಡಬ್ಬಿ ಠಾಣೆಯಲ್ಲಿ ಮಗಳ ಮನೆಯಲ್ಲಿದೆ, ನಾನೂ ಅಲ್ಲಿಯೇ ಇದ್ದೇನೆ. ಅವಳ ಸೊಸೈಟಿಯ ಹಿಂಬದಿಗೆ ಯೇವೂರಿನ ಗುಡ್ಡ, ಅಂದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಂದು ಅಂಚು. ಆ ಕಾಡಿನೊಳಗೂ ಅಂಚಿನಲ್ಲಿಯೂ ಚಿರತೆಗಳಿವೆ. ಎರಡು ಕೋಟಿಗೆ ಹತ್ತಿರ ಜನ ಕಿಕ್ಕಿರಿದ ಮಹಾನಗರದ ಮಗ್ಗುಲಲ್ಲಿ, ಬೀದಿನಾಯಿ ಹಿಡಿದು ತಿಂದುಕೊಂಡು, ಬಹುಮಟ್ಟಿಗೆ ಯಾರಿಗೂ ಕಾಣಿಸಿಕೊಳ್ಳದೆ ಬದುಕುತ್ತವೆ. ಅಲ್ಲಿನ ವಾರ್ಲಿ ಆದಿವಾಸಿಗಳ ಪಾಡಾಗಳಲ್ಲಿ, ಅಂದರೆ ಹಾಡಿಗಳಲ್ಲಿ, ‘ವಾಘೋಬಾ’ ಎಂಬ ದೇವರಿದ್ದಾನೆ, ಹುಲಿಯೂ ಅವನೇ ಚಿರತೆಯೂ ಅವನೇ. ಮಗಳ ಮನೆಗೆ ಕೆಲಸಕ್ಕೆ ಬರುವ ವಾರ್ಲಿ ಹೆಂಗಸು ಅವನ ಬಗ್ಗೆ, ಒಂದೇ ಚಾಳಿನಲ್ಲಿರುವ ಮುಂಗೋಪಿ ಹಿರಿಯನ ಬಗ್ಗೆ ಹೇಳುವಂತೆ ಹೇಳುತ್ತಾಳೆ: ಅವನ ಹೊತ್ತಿಗೆ ನಾವು ಹೊರಗೆ ಹೋಗಬಾರದು, ಅಷ್ಟೆ. ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು ಎಂಬ ದೊಡ್ಡ ಕೆಂದಳಿಲು. ಅದನ್ನು ನೋಡಲು ಪುಣೆಯಾಚೆ ಭೀಮಾಶಂಕರಕ್ಕೆ ಹೋಗಬೇಕು. ಮುಂಬಯಿಗೆಂದು ಪ್ರತ್ಯೇಕ ನಾಣ್ಯ ಅಚ್ಚು ಹಾಕುವುದಾದರೆ, ಮತ್ತು ಆ ಸಮಿತಿಯಲ್ಲಿ ಈ ಹೆಂಗಸು ಇದ್ದರೆ, ಅದರ ಮೇಲೆ ಏನು ಬರುತ್ತದೆಂದು ನನಗೆ ಅನುಮಾನವಿಲ್ಲ.

ಸೊಸೈಟಿಯವರು ಮಾತ್ರ ಗೇಟಿನ ಎರಡು ಕಂಬಗಳ ಮೇಲೆ ಪ್ಲಾಸ್ಟರಿನ ಎರಡು ಸಿಂಹಗಳನ್ನು ಕೂರಿಸಿದ್ದಾರೆ. ಎರಡಕ್ಕೂ ಚಿನ್ನದ ಬಣ್ಣ, ಎರಡೂ ಒಂದೇ ಅಚ್ಚಿನವು, ಆದ್ದರಿಂದ ಎರಡೂ ಎಡಕ್ಕೇ ನೋಡುತ್ತವೆ. ಹೋದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಎಲ್ಲರ ಮೊಬೈಲಿಗೂ ಗೇಟಿನ ಸಿ.ಸಿ. ಕ್ಯಾಮೆರಾದ ತುಣುಕು ಬಂತು. ನಸುಕಿನ ಮೂರು ಗಂಟೆ. ಗುಡ್ಡದ ಕಡೆಯ ಗೋಡೆಯಿಂದ ಇಳಿದ ಚಿರತೆಯೊಂದು ನಿಲ್ಲಿಸಿದ ಸ್ಕೂಟರುಗಳ ಸಾಲನ್ನು ದಾಟಿ, ಗೇಟಿನ ಹತ್ತಿರ ಬಂದು, ತಲೆಯೆತ್ತಿ ಸಿಂಹವನ್ನು ಒಂದು ಗಳಿಗೆ ನೋಡಿತು. ಕಂಬವನ್ನು ಮೂಸಿತು. ಆಮೇಲೆ ಹಿಂದಿರುಗಿ ನಿಂತು, ಬಾಲವೆತ್ತಿ, ಕಂಬದ ಬುಡಕ್ಕೆ ಉಚ್ಚೆ ಹಾರಿಸಿ ತನ್ನ ಗಡಿಯನ್ನು ಗುರುತು ಮಾಡಿ, ಬಂದ ದಾರಿಯಲ್ಲಿಯೇ ಹೋಯಿತು. ಬೆಳಕು ಹರಿದ ಮೇಲೆ ವಾಚ್‌ಮನ್ ಆ ಕಂಬವನ್ನು ಫಿನಾಯಿಲ್ ಹಾಕಿ ತೊಳೆದ.